ಗಾಳಿ ತಾಗಿದ ಬಾಳೆಕಾಯಿ

ಅಕ್ಕ ಕೊಪ್ಪದ ಸ್ಟ್ಯಾಂಡಿನಲ್ಲಿ ಶೃಂಗೇರಿ ಬಸ್ಸಿನ ಬದಲು ನರಸಿಂಹರಾಜಪುರದ ಬಸ್ಸು ಹತ್ತಿದ ದಿನವೇ ನನ್ನ ಎದೆ ಧಸಕ್ಕೆಂದಿತ್ತು. ನನ್ನ ಎದೆ ಹಾಲು ಉಕ್ಕಿದರೂ ಧಸಕ್ಕೆನ್ನುತ್ತದೆ, ಹಾಗಾಗಿ ಮನೆಯಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕಂಡಕ್ಟರ್ ಫೋನ್ ಮಾಡಿದ ಮೇಲೆ ನಾನೇ ಹೋಗಿ ಕರೆತಂದೆ. "ಬೋರ್ಡು ಸರಿ ಬರೆಯಕ್ಕೆ ಆಗದಿದ್ರೆ ಬಸ್ಸೆಂತಕ್ಕೆ ಬಿಡ್ತೀರಿ?" ಎಂದು ಅಕ್ಕ ಅವನನ್ನೇ ಗದರಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಶೃಂಗೇರಿ ಬಸ್ಸನ್ನು ಅವಳು ಹಾರನ್ನಿನಿಂದಲೇ ಗುರುತು ಹಿಡಿಯುತ್ತಿದ್ದವಳು.

ಅಮ್ಮ ತೀರಿಕೊಂಡಾಗ ನಾನಿನ್ನೂ ಅಂಬೆಗಾಲಿಡುತ್ತಿದ್ದೆನಂತೆ. ಸಾಕಿದ್ದು ಅಕ್ಕ. ಭಾವ ಹೋದ ಮೇಲೆ ಅವಳು ನಮ್ಮಲ್ಲಿಗೇ ಬಂದಳು. ನನ್ನ ತಲೆ ನೆರೆತು, ಮಗಳು ಕಾಲೇಜು ಸೇರಿದರೂ ಅಕ್ಕನಿಗೆ ನಾನಿನ್ನೂ ಚಿಕ್ಕ ಹುಡುಗ, 'ಮಾಣಿ'ಯೇ. ಆಫೀಸಿನವರ ಎದುರು ಹಾಗೆ ಕೂಗಿದರೆ ಕಿವಿ ಬಿಸಿಯಾಗುತ್ತಿತ್ತು.

ಶಿವಮೊಗ್ಗದ ಡಾಕ್ಟರು ಅಲ್‌ಜೈಮರ್ ಎಂದರು. ನಾನು ಮೊದಲೇ ಸೈಬರ್ ಸೆಂಟರಿನಲ್ಲಿ ಮರೆವಿನ ಕಾಯಿಲೆಯ ಬಗ್ಗೆ ಪ್ರಿಂಟು ಹಾಕಿಸಿ, ಅರ್ಥವಾಗದ್ದಕ್ಕೆಲ್ಲ ಗೆರೆ ಎಳೆದುಕೊಂಡು ಹೋಗಿದ್ದೆ. ಗೆರೆ ಇಲ್ಲದ ಸಾಲು ಕಡಿಮೆ ಇತ್ತು.

"ಆಕ್ಸಿಡೇಟಿವ್ ಸ್ಟ್ರೆಸ್ ಅಂದ್ರೆ ಎಂತದು ಸಾರ್?"

"ಮಿದುಳಿಗೆ ಆಮ್ಲಜನಕ ತುಂಬಾ ಬೇಕು. ಒಲೆ ಉರಿಯುವಾಗ ಕಿಡಿ ಹಾರುತ್ತಲ್ಲ, ಹಾಗೆ ಅಲ್ಲೂ ಕಿಡಿಯಂಥವು ಹುಟ್ತವೆ. ದೇಹ ಆರಿಸ್ತಾನೇ ಇರುತ್ತೆ. ಈ ಕಾಯಿಲೆಯಲ್ಲಿ ಆರಿಸೋದು ಸಾಲಲ್ಲ, ಜೀವಕೋಶಗಳು ಕೆಡ್ತಾ ಹೋಗ್ತವೆ. ಹೆಚ್ಚಿಟ್ಟ ಬಾಳೆಕಾಯಿ ಗಾಳಿಗೆ ಕಪ್ಪಾಗುತ್ತಲ್ಲ, ಹೆಚ್ಚುಕಡಿಮೆ ಅಂಥದ್ದೇ."

"ಹಾಗಾದ್ರೆ ಅದೇ ಕಾರಣವಾ?"

"ಕಾರಣಗಳಲ್ಲಿ ಒಂದು. ಅದರಿಂದ ಕಾಯಿಲೆಯೋ, ಕಾಯಿಲೆಯಿಂದ ಅದೋ, ಅದೂ ಇನ್ನೂ ಸರಿಯಾಗಿ ಗೊತ್ತಿಲ್ಲ."

ಅಕ್ಕ ನಡುವೆ ಬಾಯಿ ಹಾಕಿದಳು. "ಹಾಗಾದ್ರೆ ನನ್ನ ತಲೆನ ಮಜ್ಜಿಗೆ ನೀರಲ್ಲಿ ಹಾಕಿಡಿ ಡಾಕ್ಟ್ರೇ."

ಬಾಳೆಕಾಯಿ ಹೆಚ್ಚಿದ ಕೂಡಲೇ ಮಜ್ಜಿಗೆ ನೀರಿಗೆ ಹಾಕುವುದು ನಮ್ಮ ಅಡುಗೆಮನೆಯ ಕ್ರಮ, ಹೋಳು ಕಪ್ಪಾಗದಿರಲೆಂದು. ಡಾಕ್ಟರು ಮನಸಾರೆ ನಕ್ಕರು. ಇಷ್ಟು ಚುರುಕಾಗಿರುವವಳಿಗೆ ಎಂಥ ಕಾಯಿಲೆ ಎಂದು ನನಗೆ ಒಂದು ಗಳಿಗೆ ಧೈರ್ಯ ಬಂತು.

ಮನೆಗೆ ಬಂದಾಗ ಹೆಂಡತಿ ಎಂತ ಹೇಳಿದರೆಂದು ಕೇಳಿದಳು. ದಣಿದಿದ್ದೆ. "ಗಾಳಿ ತಾಗಿ ಹಾಳಾಗ್ತಾ ಇದೆಯಂತೆ" ಅಂದುಬಿಟ್ಟೆ. ಅಡ್ಡಗದ್ದೆಯಿಂದ ಬಂದಿದ್ದ ಚಿಕ್ಕಮ್ಮ ಕಾಫಿ ಲೋಟ ಕೆಳಗಿಟ್ಟರು.

"ಗಾಳಿಯಾ! ಹೊತ್ತು ಮುಳುಗಿದ ಮೇಲೆ ಹಳ್ಳದ ಬದಿಗೆ ಹೋಗ್ಬೇಡ ಅಂತ ಬಡ್ಕೊಂಡೆ. ಕೇಳಿದ್ಲಾ?"

ನಮ್ಮ ಕಡೆ ಬೀಸುವುದೂ ಗಾಳಿಯೇ, ಮೈಗೆ ಮೆಟ್ಟಿಕೊಳ್ಳುವ ದೆವ್ವವೂ ಗಾಳಿಯೇ.

"ಆ ಗಾಳಿ ಅಲ್ಲ ಚಿಕ್ಕಮ್ಮ, ಆಮ್ಲಜನಕ."

"ಹೆಸರು ಎಂತದೇ ಇರ್ಲಿ ಮಾರಾಯ, ದಾರ ಕಟ್ಸಿದ್ರೆ ಬಿಡ್ತದೆ."

ಅಕ್ಕನ ಕೈಗೆ ಕಪ್ಪು ದಾರ ಬಂತು. ನಾನು ವಿಜ್ಞಾನ ಓದಿದವನೆಂದು ಮುಖ ತಿರುಗಿಸಿದೆ. ಮುಖ ತಿರುಗಿಸಿ ಮಾಡಿದ್ದೇನು? ವಿಟಮಿನ್ ಇ ಮಾತ್ರೆಯಿಂದ ಹೋದ ನೆನಪು ವಾಪಸು ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದರೂ ಅದನ್ನೇ ಕೇಳಿ ಬರೆಸಿಕೊಂಡೆ. ನೆಲ್ಲಿಕಾಯಿ ತಿನ್ನಿಸಿ ತಿನ್ನಿಸಿ ಅವಳ ಹಲ್ಲು ಚುಳ್ಳೆನ್ನುವಂತೆ ಮಾಡಿದೆ. ಸಾಲದ್ದಕ್ಕೆ, ಅವಳು ಜಗುಲಿಯಲ್ಲಿ ಕೂತರೆ ಮಫ್ಲರ್ ತಂದು ತಲೆಗೆ ಸುತ್ತುತ್ತಿದ್ದೆ. ಬೀಸುವ ಗಾಳಿಗೂ ಮಿದುಳಿನ ಆಮ್ಲಜನಕಕ್ಕೂ ಸಂಬಂಧವಿಲ್ಲವೆಂದು ಗೊತ್ತಿತ್ತು. ಕೈ ಕೇಳುತ್ತಿರಲಿಲ್ಲ.

"ಚಳಿ ಯಾರಿಗೆ ಮಾಣಿ, ನಿಂಗಾ ನಂಗಾ?" ಎನ್ನುತ್ತಿದ್ದಳು. ಆ ಮಾತು ಕೇಳಲಿಕ್ಕಾದರೂ ಸುತ್ತುತ್ತಿದ್ದೆನೋ ಏನೋ.

ಆಮೇಲೆ ಒಂದೊಂದೇ ಹೋಯಿತು. ಭಾವ ಸತ್ತದ್ದನ್ನು ಮರೆತಳು. ಅದನ್ನು ಅವಳಿಗೆ ಹೊಸದಾಗಿ ಹೇಳುವುದನ್ನು ನಾವೇ ನಿಲ್ಲಿಸಿದೆವು. ನನ್ನ ಹೆಂಡತಿ ಅವಳಿಗೆ ಬಸರೀಕಟ್ಟೆಯ ಯಾರೋ ಆದಳು, ಮಗಳು ಟೀಚರಾದಳು. ಯಾರು ಹೇಗೆ ಬದಲಾದರೂ ನಾನೊಬ್ಬ ಮಾಣಿಯಾಗಿ ಉಳಿದರೆ ಸಾಕೆಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಎಂಥ ಸ್ವಾರ್ಥ ಅಂದರೆ ಹೌದು. ಪ್ರತಿದಿನ ಬೆಳಿಗ್ಗೆ ಅವಳ ಎದುರು ಹೋಗಿ ನಿಲ್ಲುತ್ತಿದ್ದೆ, ರಿಸಲ್ಟ್ ನೋಡಲು ಬಂದ ಹುಡುಗನ ಹಾಗೆ.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಬಾಳೆಕಾಯಿ ಹೆಚ್ಚುತ್ತಿದ್ದಳು. ಕೈ ಮೊದಲಿನಷ್ಟೇ ನಯ. ಪಕ್ಕದಲ್ಲಿ ಮಜ್ಜಿಗೆ ನೀರಿನ ಪಾತ್ರೆ. ನಾನು ಎದುರು ಕೂತು, ಹೊರಗೆ ಬಿದ್ದ ಒಂದು ಹೋಳನ್ನು ಎತ್ತಿಕೊಂಡು ಸುಮ್ಮನೆ ತಿರುಗಿಸುತ್ತಿದ್ದೆ.

"ಅದನ್ನ ಇದಕ್ಕೆ ಹಾಕಿ. ಗಾಳಿ ತಾಗಿದ್ರೆ ಕಪ್ಪಾಗ್ತದೆ" ಎಂದಳು.

ಹಾಕು ಅಲ್ಲ. ಹಾಕಿ.

ಕೇಳಿದ್ದು ತಪ್ಪೇ ಇರಬೇಕೆಂದು ಅವಳ ಮುಖ ನೋಡಿದೆ. ನೆಂಟರ ಎದುರು ನಗುವ ಹಾಗೆ ನಕ್ಕಳು.

"ಕಾಫಿ ಕುಡಿದ್ರಾ? ಕೂತ್ಕೊಳ್ಳಿ. ನಮ್ಮ ಮಾಣಿ ಈಗ ಬರ್ತಾನೆ."

"ಬರಲಿ, ಅವಸರ ಇಲ್ಲ" ಎಂದೆ. ಕೈಯಲ್ಲಿದ್ದ ಹೋಳಿನ ಅಂಚು ಆಗಲೇ ಕಂದಿತ್ತು. ಅದನ್ನು ಮಜ್ಜಿಗೆ ನೀರಿಗೆ ಬಿಟ್ಟು, ಅವಳ ಜೊತೆ ನಾನೂ ಕಾಯುತ್ತಾ ಕೂತೆ.