ಅಕ್ಕನ ನೆರಳುಬಲೆ

ಮೊನ್ನೆ ನಮ್ಮ ಎದುರು ಮನೆಯವರು ತಾರಸಿಯ ಹೂಕುಂಡಗಳಿಗೆ ಹಸಿರು ನೆರಳುಬಲೆ ಕಟ್ಟಿಸಿದರು. ಮಧ್ಯಾಹ್ನದ ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ಆ ವಾಸನೆ ನಮ್ಮ ಅಡುಗೆಮನೆಯವರೆಗೂ ಬಂತು. ಒಗ್ಗರಣೆ ಹಾಕುತ್ತಿದ್ದವಳು ಒಲೆ ಆರಿಸಿಬಿಟ್ಟೆ. ಅಳು ಬರಲಿಲ್ಲ, ಸಿಟ್ಟು ಬಂತು. ಅಕ್ಕನನ್ನು ನೆನೆಸಿಕೊಂಡಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟೇ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾವು ಶಿವಮೊಗ್ಗದ ವಿನೋಬನಗರದಲ್ಲಿ ಬಾಡಿಗೆಗಿದ್ದಾಗ ಪಕ್ಕದ ಮನೆಯಲ್ಲಿದ್ದವಳು. ಅವಳ ಗಂಡನನ್ನು ಭಾವ ಎನ್ನುತ್ತಿದ್ದೆ. ಅಕ್ಕನಿಗೆ ಬಿಸಿಲು ಆಗುತ್ತಿರಲಿಲ್ಲ. ಸೆಖೆಗೆ ಬೀಸಣಿಗೆ ಹುಡುಕುವ ನಾಜೂಕು ಅಂದುಕೊಳ್ಳಬೇಡಿ. ಬಿಸಿಲು ತಾಗಿದ ಕಡೆ ಚರ್ಮ ಕೆಂಪಗೆ ಊದಿ, ಗುಳ್ಳೆ ಎದ್ದು, ವಾರಗಟ್ಟಲೆ ಉರಿಯುತ್ತಿತ್ತು. ಹಗಲು ಹೊರಗೆ ಹೋಗಲೇಬೇಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹೀಗಾಗಿ ಐವತ್ತರ ಹತ್ತಿರ ಬಂದರೂ ಅವಳು ಸಮುದ್ರ ನೋಡಿರಲಿಲ್ಲ. ರಾತ್ರಿ ಬಸ್ಸಿನಲ್ಲಿ ಹೋಗೋಣವೆಂದರೆ ಹಗಲೆಲ್ಲ ಆ ಮರಳಿನ ಮೇಲೆ ಎಲ್ಲಿ ಕೂರುವುದು...

ಭಾವ ಭದ್ರಾವತಿಯ ಕಾರ್ಖಾನೆಯೊಂದರಲ್ಲಿದ್ದವರು. ಸ್ವಯಂ ನಿವೃತ್ತಿ ತೆಗೆದುಕೊಂಡು, ಹಳೆಯ ವ್ಯಾನೊಂದನ್ನು ಕೊಂಡು, ಅಲ್ಲಿಯೇ ಒಂದು ಶೆಡ್ಡಿನಲ್ಲಿ ಅದನ್ನು ಓಡಾಡುವ ಮನೆ ಮಾಡಿಸಿದರು. ಮಲಗಲು ಹಲಗೆ, ಗ್ಯಾಸ್ ಒಲೆ, ನೀರಿನ ಡ್ರಮ್ಮು, ಎರಡೂ ಪಕ್ಕ ದೊಡ್ಡ ದೊಡ್ಡ ಗಾಜಿನ ಕಿಟಕಿ. ಹೊರಗೆ ಕೆನೆಬಣ್ಣ, ನಡುವೆ ನೀಲಿ ಪಟ್ಟೆ. ಆ ಪಟ್ಟೆಯ ಮೇಲೆ ನೊಣ ಕೂತರೂ ಓಡಿಸುತ್ತಿದ್ದರು. ಅಕ್ಕನಿಗೆ ಮಾತ್ರ ಅದರಲ್ಲಿ ಕಂಡದ್ದು ಒಂದೇ: ಗಾಡಿಯೊಳಗೇ ಕೂತು ಸಮುದ್ರ ನೋಡಬಹುದು.

ಕಿಟಕಿಗಳಿಗೆ ಭಾವ ಒಳಗಡೆ ಮಖಮಲ್ಲಿನ ಪರದೆ ಹಾಕಿಸಿದ್ದರು. ಪರದೆ ಎಳೆದು ಕೂತರೆ ಇಡ್ಲಿ ಪಾತ್ರೆಯಲ್ಲಿ ಕೂತ ಹಾಗಾಗುತ್ತಿತ್ತು. ಗಾಜು ದಾಟಿ ಒಳಗೆ ಬಂದ ಕಾವು ಮತ್ತೆ ಎಲ್ಲಿಗೆ ಹೋಗುತ್ತದೆ, ತಡೆಯುವುದಾದರೆ ಆಚೆಯೇ ತಡೆಯಬೇಕು ಎಂದು ಅಕ್ಕ ಹೇಳಿ ಹೇಳಿ ಸಾಕಾದಳು. ಕೊನೆಗೆ ಒಂದು ಕಿಟಕಿಗೆ ಪರದೆ ಎಳೆದು, ಇನ್ನೊಂದಕ್ಕೆ ನನ್ನ ಕೈಲಿ ಹೊರಗಿನಿಂದ ಗೋಣಿಚೀಲ ಇಳಿಬಿಡಿಸಿ, ಸ್ವಲ್ಪ ಹೊತ್ತಿನ ಮೇಲೆ ಭಾವನ ಕೈ ಹಿಡಿದು ಎರಡೂ ಗಾಜು ಮುಟ್ಟಿಸಿದಳು. ಪರದೆಯ ಕಡೆಯದು ಸುಡುತ್ತಿತ್ತು, ಗೋಣಿಯ ಕಡೆಯದು ತಣ್ಣಗಿತ್ತು. ಭಾವ ಕೈ ಒರೆಸಿಕೊಂಡು, "ಗೋಣಿಚೀಲ ಕಟ್ಕೊಂಡು ತಿರುಗಕ್ಕೆ ನಾವೇನು ಗುಜರಿಯವ್ರಾ?" ಎಂದರು. ಅವತ್ತೇ ನನಗೆ ಈ ಮನುಷ್ಯನ ಮೇಲೆ ಸಿಟ್ಟು ಶುರುವಾದದ್ದು.

ಹೊತ್ತು ಮುಳುಗಿದ ಮೇಲೆ ನಾನೂ ಅಕ್ಕನೂ ಕಿಟಕಿಗೆ ಹೊರಗಿನಿಂದ ಹಾಕುವಂಥದ್ದನ್ನು ಹುಡುಕಿಕೊಂಡು ಗಾಂಧಿ ಬಜಾರು ಸುತ್ತಿದೆವು. ಟಾರ್ಪಾಲು ಬೇಡವಾಯಿತು, ಗಾಳಿಯಾಡುವುದಿಲ್ಲ, ಆಚೆ ಏನೂ ಕಾಣುವುದಿಲ್ಲ. ಗಾಜಿಗೆ ಅಂಟಿಸುವ ಕಪ್ಪು ಹಾಳೆ ತಾನೇ ಕಾದು ಗಾಜನ್ನೂ ಕಾಯಿಸುತ್ತದೆ. ಲಾವಂಚದ ತಟ್ಟಿ ಘಮಘಮ ಅನ್ನುತ್ತಿತ್ತು, ಆದರೆ ಭಾರ. ಓಡುವ ಗಾಡಿಯಲ್ಲಿ ಹೊಳೆಹೊನ್ನೂರು ಮುಟ್ಟುವುದರೊಳಗೆ ಉದುರಿಹೋಗುತ್ತಿತ್ತು. ಕೊನೆಗೆ ಗೊಬ್ಬರದ ಅಂಗಡಿಯೊಂದರಲ್ಲಿ ಅಡಿಕೆ ಸಸಿಗಳ ಮೇಲೆ ಕಟ್ಟುವ ಹಸಿರು ಬಲೆ ಸಿಕ್ಕಿತು. ಅಕ್ಕ ಅದನ್ನು ಎರಡು ಪದರ ಮಾಡಿ ಮುಖದ ಮುಂದೆ ಹಿಡಿದು ಟ್ಯೂಬ್‌ಲೈಟಿನ ಕಡೆ ತಿರುಗಿದಳು.

"ಇದ್ರಲ್ಲಿ ಸಮುದ್ರ ಕಾಣುತ್ತೆ ಮಾರಾಯ್ತಿ" ಎಂದಳು.

ಕಿಟಕಿ ಕಿಟಕಿಗೂ ಪೇಪರಿನಲ್ಲಿ ಅಳತೆ ಕತ್ತರಿಸಿದೆವು. ಬಿಸಿಲು ಓರೆಯಾಗಿ ನುಗ್ಗುತ್ತದೆಂದು ಸುತ್ತಲೂ ಒಂದು ಗೇಣು ಹೆಚ್ಚಿಗೆ ಬಿಟ್ಟಳು. ಅಂಚಿಗೆ ಪಟ್ಟಿ ಕೊಟ್ಟು ತಾನೇ ಹೊಲಿದಳು. ಗಾಡಿಗೆ ತೂತು ಕೊರೆಯಲು ಭಾವ ಬಿಡುವುದಿಲ್ಲವಲ್ಲ, ಹಾಗಾಗಿ ಮಳೆನೀರು ಇಳಿಯುವ ಮೇಲಿನ ಅಂಚಿಗೆ ಕೊಕ್ಕೆ ಸಿಕ್ಕಿಸಿ, ಕೆಳಗೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಎಳೆದು ಕಟ್ಟಿದೆವು. ಮೊದಲ ಸಲ ಬಲೆ ಗಾಜಿಗೇ ಅಂಟಿ ನಿಂತು ಗಾಜು ಮತ್ತೆ ಕಾಯಿತು. ಆಗ ಅಕ್ಕ ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ, ತುಂಡುಗಳನ್ನು ಮೂಲೆಮೂಲೆಗೆ ಒತ್ತುಕೊಟ್ಟು ನಡುವೆ ಗಾಳಿ ಓಡಾಡುವಂತೆ ಮಾಡಿದಳು.

ಪರೀಕ್ಷೆಗೆಂದು ಒಂದು ಹಗಲು ಭದ್ರಾವತಿ ದಾಟಿ ಹೊಳೆಹೊನ್ನೂರಿಗೆ ಹೋದೆವು. ದಾರಿಯುದ್ದಕ್ಕೂ ಅಕ್ಕ ಕಿಟಕಿ ಬಿಟ್ಟು ಅಲುಗಲಿಲ್ಲ. ನಾಲೆ, ಗದ್ದೆ, ಎಮ್ಮೆ ಎಂದು ಕಂಡದ್ದನ್ನೆಲ್ಲ ನನಗೆ ತೋರಿಸುತ್ತಿದ್ದಳು, ನಾನು ಅದನ್ನೆಲ್ಲ ಮೊದಲ ಸಲ ನೋಡುವವಳ ಹಾಗೆ... ಅಲ್ಲಿನ ಸಂತೆ ಹತ್ತಿರ ಗಾಡಿ ನಿಲ್ಲಿಸಿದ್ದೇ ತಡ, ರೈತನೊಬ್ಬ ಬಂದು ಬಲೆಯ ಅಂಚು ಎತ್ತಿ ಇಣುಕಿದ.

"ಅಡಿಕೆ ಸಸಿ ಹೆಂಗ್ರೀ? ಎರಡು ವರ್ಷದ್ದಾ?"

"ಐವತ್ತು ವರ್ಷದ್ದೊಂದಿದೆ, ಬೇಕೇನಪ್ಪಾ?" ಎಂದಳು ಅಕ್ಕ ಒಳಗಿನಿಂದ.

ಸುತ್ತ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಆ ರೈತನೂ ನಾಚಿಕೊಂಡು ನಕ್ಕ. ಭಾವ ಮಾತ್ರ ನಗಲಿಲ್ಲ. ಕಾಸು ಖರ್ಚು ಮಾಡಿ ಬಣ್ಣ ಬಳಿಸಿದ ಗಾಡಿಯನ್ನು ಸಸಿ ಮಾರುವ ಗಾಡಿ ಅಂದುಬಿಟ್ಟನಲ್ಲ ಎಂದು ಮನೆ ಮುಟ್ಟುವವರೆಗೂ ಮುಖ ಊದಿಸಿಕೊಂಡಿದ್ದರು.

ಸಮುದ್ರಕ್ಕೆ ಹೊರಟ ದಿನ ನಾನೂ ಜೊತೆಗಿದ್ದೆ. ಬಿಸಿಲೇರಿದ ಮೇಲೆ ದಾರಿಯಲ್ಲೇ ಬಲೆ ಕಟ್ಟೋಣವೆಂದು ಭಾವ ಬೆಳಕು ಹರಿಯುವಾಗಲೇ ಹೊರಡಿಸಿದ್ದರು. ಆಲ್ಕೊಳ ಸರ್ಕಲ್ಲಿಗೆ ಬರುವಾಗ ಬಿಸಿಲು ಏರಿತ್ತು. ಬಲೆ ಕಟ್ಟೋಣ, ನಿಲ್ಲಿಸಿ ಎಂದು ಅಕ್ಕ ಹೇಳಿದಳು. ಭಾವ ನಿಲ್ಲಿಸಿದರು, ಆದರೆ ಇಳಿಯಲಿಲ್ಲ. ಸ್ಟೇರಿಂಗು ಹಿಡಿದುಕೊಂಡು ಮುಂದೆ ನೋಡುತ್ತಲೇ ಹೇಳಿದರು: "ಭದ್ರಾವತಿ ಫ್ರೆಂಡ್ ಒಬ್ರು ನರ್ಸರಿ ಮಾಡಿದಾರೆ. ಸಸಿಗೆ ಬಲೆ ಬೇಕಿತ್ತಂತೆ, ಕೊಟ್ಟೆ. ಒಳಗೆ ಪರದೆ ಇದೆಯಲ್ಲ, ಎಳ್ಕೋ."

ಅಕ್ಕ ಬಾಗಿಲು ತೆಗೆದು ಇಳಿದಳು. ತಲೆತುಂಬ ಸೆರಗು ಹೊದ್ದು, ಕೊಡೆ ಬಿಚ್ಚಿ, ಬಂದ ದಾರಿಯಲ್ಲೇ ನಡೆಯತೊಡಗಿದಳು. ನಾನೂ ಇಳಿದು ಹಿಂದೆ ಓಡಿದೆ. ದಾರಿಯಲ್ಲಿ ಭಾವನನ್ನು ಬಾಯಿಗೆ ಬಂದಂತೆ ಬೈದೆ. ಸಂಜೆಯೇ ಹೋಗಿ ಬೇರೆ ಬಲೆ ತರೋಣ, ನಾನೇ ಹೊಲಿದುಕೊಡುತ್ತೇನೆ ಎಂದೆ. ಮನೆಯ ಗೇಟಿನ ಹತ್ತಿರ ನಿಂತು ಅವಳು ಹೇಳಿದ್ದಿಷ್ಟು: "ಬಲೆ ಎಷ್ಟು ಬೇಕಾದ್ರೂ ಸಿಗುತ್ತೆ ಕಣೆ. ನನ್ನ ಒಂದ್ ಮಾತು ಕೇಳ್ದೆ ಕೊಟ್ಬಿಟ್ರಲ್ಲ, ಅದಕ್ಕೇನ್ ಹೊಲೀಲಿ?"

ಅವಳು ಮತ್ತೆ ಆ ಗಾಡಿ ಹತ್ತಲಿಲ್ಲ. ಭಾವ ಕೆಲವು ದಿನ ಗೊಣಗಿದರು, ಆಮೇಲೆ ಯಾರಿಗೋ ಮಾರಿದರು. ನಾವೂ ಮನೆ ಬದಲಿಸಿದೆವು. ಕೆಲವೇ ವರ್ಷಗಳಲ್ಲಿ ಅಕ್ಕ ತೀರಿಕೊಂಡಳು, ಸುದ್ದಿ ನನಗೆ ಮುಟ್ಟಿದ್ದು ಎಲ್ಲ ಮುಗಿದ ಮೇಲೆ...

ಹೋದ ತಿಂಗಳು ಒಂದು ಮದುವೆಯಲ್ಲಿ ಭಾವ ಸಿಕ್ಕಿದರು. ಊಟದ ಪಂಕ್ತಿಯಲ್ಲಿ ನನ್ನ ಎದುರಿಗೇ ಕೂತು ಪಕ್ಕದವರಿಗೆ ಹೇಳುತ್ತಿದ್ದರು, ನಮ್ಮನೆಯವಳಿಗೆ ಪ್ರಯಾಣ ಅಂದ್ರೇ ಆಗ್ತಿರ್ಲಿಲ್ಲ, ಅವಳಿಗೋಸ್ಕರ ಗಾಡೀನೇ ಮಾಡಿಸಿದ್ದೆ, ಹತ್ಲೇ ಇಲ್ಲ ಅಂತ. ಪಕ್ಕದವರು ಪಾಪ ಎನ್ನುವಂತೆ ತಲೆಯಾಡಿಸಿದರು. ನನ್ನ ಮೈಯೆಲ್ಲ ಉರಿದುಹೋಯಿತು.

"ಹತ್ತಿದ್ಲು ಭಾವ. ಹತ್ತಿ ಕೂತವಳನ್ನ ಇಳಿಸಿದ್ದು ನೀವು" ಎಂದೆ.

ಭಾವ ತಲೆ ತಗ್ಗಿಸಿ ಅನ್ನ ಕಲಸಿದರು. ಮನೆಗೆ ಬರುವಾಗ ನನ್ನ ಗಂಡ, ವಯಸ್ಸಾದವರಿಗೆ ಹಾಗೆಲ್ಲ ಅನ್ನಬಾರದಿತ್ತು ಎಂದರು. ಅವರಿಗೆ ವಯಸ್ಸಾದರೂ ಆಯಿತು. ಅಕ್ಕನಿಗೆ ಅದೂ ಆಗಲಿಲ್ಲ, ಸಮುದ್ರವನ್ನೂ ನೋಡಲಿಲ್ಲ.