ಇಸಾಮು ಕಂಡ ಭಾನುವಾರದ ಸಂತೆ

ಜಪಾನಿನ ಕೋಚಿ ಪಟ್ಟಣದಲ್ಲಿ ಮೂವತ್ತಾರು ವರ್ಷ ಟ್ರಾಮ್ ಓಡಿಸಿದ ಇಸಾಮುವಿಗೆ ಭಾನುವಾರದ ಸಂತೆಯೆಂದರೆ ಜನ ಚೀಲ ತುಂಬಿಕೊಂಡು ಹತ್ತುವ ನಿಲ್ದಾಣ, ಅಷ್ಟೇ. ಅವನಿಗೆ ರಜೆ ಬುಧವಾರ. ನಿವೃತ್ತನಾದ ಮೊದಲ ಭಾನುವಾರವೂ ಐದಕ್ಕೇ ಎದ್ದು, ಗಡ್ಡ ಬೋಳಿಸಿಕೊಂಡು, ಏನು ಮಾಡಲೂ ತೋಚದೆ ಅಡುಗೆಮನೆಯಲ್ಲಿ ಕೂತಿದ್ದ. ಹೆಂಡತಿ ತಮಿಯೆ ಅವನ ಕೈಗೆ ಟೋಪಿ ಕೊಟ್ಟಳು.

"ಏಳ್ರೀ, ಇವತ್ತು ನಿಮ್ಮೂರನ್ನ ನಿಮಗೆ ತೋರಿಸ್ತೀನಿ."

"ನಂಗೇ ತೋರಿಸ್ತೀಯಾ? ಇಲ್ಲಿನ ಒಂದೊಂದು ತಿರುವೂ ಗೊತ್ತು ಕಣೇ."

"ಕಂಬಿ ಇರೋ ಕಡೆ ಗೊತ್ತು ಬಿಡಿ. ಕೋಟೆ ಹತ್ತಿದ್ದೀರಾ?"

ಹತ್ತಿರಲಿಲ್ಲ.

ಕೋಟೆಯ ಮರದ ಮೆಟ್ಟಿಲು ಏಣಿಯಷ್ಟೇ ಕಡಿದಾಗಿತ್ತು. ಏದುಸಿರು ಬಿಡುತ್ತ ಮೇಲಿನ ಅಂತಸ್ತಿಗೆ ಬಂದವನು ಬಗ್ಗಿ ನೋಡಿದ. ಮನೆಗಳ ಸಂದಿಯಲ್ಲಿ ಟ್ರಾಮ್ ಬೆಂಕಿಪೊಟ್ಟಣದ ಹಾಗೆ ಸರಿಯುತ್ತಿತ್ತು. ಇಸಾಮು ಗಡಿಯಾರ ನೋಡಿಕೊಂಡ.

"ಎರಡು ನಿಮಿಷ ಲೇಟು!"

"ಇಲ್ಲೂ ಡ್ಯೂಟಿನಾ? ಆ ಕಡೆ ಬೆಟ್ಟ ನೋಡ್ರೀ!"

ಕೆಳಗಿಳಿದರೆ ಕೋಟೆ ಬಾಗಿಲಿನಿಂದಲೇ ಸಂತೆ. ಶುಂಠಿ, ಕಮ್ಮಾರರ ಕತ್ತಿಗಳು, ಹೂವಿನ ಸಸಿಗಳು. ಗೆಣಸಿನ ಬಿಲ್ಲೆಗಳನ್ನು ಸಿಹಿ ಹಿಟ್ಟಿನಲ್ಲಿ ಅದ್ದಿ ಕರಿಯುವ ಅಂಗಡಿಯ ಮುಂದೆ ಇಬ್ಬರೂ ಸಾಲಿನಲ್ಲಿ ನಿಂತರು. ಸರದಿ ಬಂದಾಗ ಎಣ್ಣೆಯ ಮುಂದಿದ್ದ ಹೆಂಗಸು ಜಾಲರಿ ಎತ್ತಿ ಹಿಡಿದವಳು ಹಾಗೇ ನಿಂತಳು.

"ಅಯ್ಯೋ, ಡ್ರೈವರ್ ಅಣ್ಣ ಅಲ್ವಾ?"

ಇಸಾಮುವಿಗೆ ಗುರುತು ಹತ್ತಲಿಲ್ಲ.

"ನನ್ನ ಮಗಳ ಪರೀಕ್ಷೆ ದಿನ, ಸುರಿಯೋ ಮಳೇಲಿ ಇಬ್ರೂ ಓಡಿ ಬರ್ತಿದ್ವಿ. ನೀವು ಕನ್ನಡೀಲಿ ನೋಡಿ, ಹೊರಟಿದ್ದ ಟ್ರಾಮ್ ನಿಲ್ಲಿಸಿದ್ರಿ. ಅವಳೀಗ ನರ್ಸು ಅಣ್ಣಾ!"

ಅವನಿಗೆ ನೆನಪಾಯಿತು. ಆ ದಿನ ತಡವಾದದ್ದಕ್ಕೆ ಮೇಲಿನವರಿಂದ ಬೈಸಿಕೊಂಡದ್ದೂ ನೆನಪಾಯಿತು. ಅದನ್ನು ಹೇಳದೆ ತಲೆಬಾಗಿ ವಂದಿಸಿದ. ತಮಿಯೆ ಮಾತ್ರ ಸೊಂಟದ ಮೇಲೆ ಕೈಯಿಟ್ಟಳು.

"ಹೌದೇನ್ರೀ? ನಂಗೋಸ್ಕರ ಒಂದಿನಾನೂ ನಿಲ್ಲಿಸ್ಲಿಲ್ವಲ್ಲ!"

"ನೀನು ಯಾವತ್ತು ಓಡಿ ಬಂದಿದ್ದೆ? ಮದುವೆ ಮೆರವಣಿಗೆ ಥರ ಬರ್ತಿದ್ದೆ!"

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಹೆಂಗಸು ಪೊಟ್ಟಣಕ್ಕೆ ಇನ್ನೆರಡು ಬಿಲ್ಲೆ ಹೆಚ್ಚಿಗೆ ಹಾಕಿದಳು. ಆತುರಕ್ಕೆ ಬಾಯಿಗೆ ಹಾಕಿಕೊಂಡ ಇಸಾಮು ನಾಲಿಗೆ ಸುಟ್ಟುಕೊಂಡ, ಆದರೂ ಅಗಿಯುವುದನ್ನು ನಿಲ್ಲಿಸಲಿಲ್ಲ.

ಮಧ್ಯಾಹ್ನ ಹುಲ್ಲಿನ ಬೆಂಕಿಯಲ್ಲಿ ಸುಟ್ಟ ಮೀನನ್ನು ಉಪ್ಪು, ಹಸಿ ಬೆಳ್ಳುಳ್ಳಿಯ ಜೊತೆ ತಿಂದರು, ಒಂದು ಬಾಟಲಿ ಬಿಯರನ್ನು ಹಂಚಿಕೊಂಡರು. ತಮಿಯೆ ಬೇಡವೆಂದರೂ ಅವನು ಒಂದು ನಿಂಬೆ ಸಸಿ ಕೊಂಡ. ಕುಂಡ ಭಾರವಿತ್ತು. ಸರದಿಯ ಮೇಲೆ ಹೊತ್ತು, ದಾರಿಯುದ್ದಕ್ಕೂ ಜಗಳವಾಡುತ್ತ ಮನೆ ಸೇರಿದರು.

ಮುಂದಿನ ಭಾನುವಾರ ಆರು ಗಂಟೆಗೆ ತಮಿಯೆಯನ್ನು ಅವನೇ ಎಬ್ಬಿಸಿದ.