ಅಣಬೆ ಸುಕ್ಕದ ಒಂದು ತುತ್ತು

ಕೊರೊನಾ ಮುಗಿದ ಮರುವರ್ಷ ನಾನು ಭಟ್ಕಳದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯಟೀಶಿಯನ್ ಆಗಿದ್ದೆ. ರೋಗಿ ಏನು ತಿನ್ನಬೇಕೆಂದು ಹೇಳುವುದು ನನ್ನ ಕೆಲಸ. ಜೂನ್ ತಿಂಗಳೆಂದು ನೆನಪು. ಆದರೆ ವಾರ್ಡಿನ ಕಿಟಕಿಯಲ್ಲಿ ಕಡುಬಿಸಿಲಿತ್ತೆಂದೂ ನೆನಪು. ಎರಡರಲ್ಲೊಂದು ಸುಳ್ಳಿರಬೇಕು.

ಬೆಳಕೆ ಊರಿನ ದುರ್ಗಮ್ಮನಿಗೆ ಹರ್ನಿಯಾ ಆಪರೇಷನ್ ಆಗಿ, ಗಾಯ ಕೂಡುತ್ತಿರಲಿಲ್ಲ. ಅದಕ್ಕೆ ಪ್ರೋಟೀನ್ ಬೇಕು. ಗಂಡ ತೀರಿದ ವರ್ಷವೆಂದು ಅವರು ಮೀನು, ಮೊಟ್ಟೆ ಬಿಟ್ಟಿದ್ದರು. ಬೇಳೆ ಸೇರುತ್ತಿರಲಿಲ್ಲ. ಗಂಜಿ, ಉಪ್ಪಿನಕಾಯಿ, ಅಷ್ಟೇ. ಮತ್ತೊಮ್ಮೆ ಹೊಲಿಗೆ ಹಾಕಬೇಕಾಗಿ ಬಂದರೆ ಈ ದೇಹ ತಡೆಯಲಿಕ್ಕಿಲ್ಲ ಎಂದಿದ್ದರು ಸರ್ಜನ್.

ನಾನು ಚಿಪ್ಪು ಅಣಬೆ ಸೂಚಿಸಿದೆ. ಅದೇನು ಔಷಧವಲ್ಲ. ನೂರು ಗ್ರಾಂ ಹಸಿ ಅಣಬೆಯಲ್ಲಿ ಸುಮಾರು ಮೂರು ಗ್ರಾಂ ಪ್ರೋಟೀನ್, ಒಂದಿಷ್ಟು ನಾರು, ಬಿ ಗುಂಪಿನ ವಿಟಮಿನ್‌ಗಳು. ಮೊಟ್ಟೆಯ ಮುಂದೆ ಕಡಿಮೆಯೇ. ನನಗೆ ಬೇಕಿದ್ದದ್ದು ಅದರ ಗ್ಲುಟಮೇಟ್, ಅಂದರೆ ಮೀನು-ಮಾಂಸದಂಥ ಸವಿ ಕೊಡುವ ಅಂಶ. ಬಾಯಿಗೆ ರುಚಿ ಹತ್ತಿದರೆ ಬೇಳೆಯೂ ಇಳಿದೀತು.

ಮರುದಿನ ಸೊಸೆ ಲಲಿತಾ ಡಬ್ಬಿಯಲ್ಲಿ, ಕಾಯಿಮಸಾಲೆ ಹಾಕಿ ಒಣಗೆ ಹುರಿದ ಅಣಬೆ ಸುಕ್ಕ ತಂದಿಟ್ಟು, ನೀರು ತರಲು ಹೋದರು. ದುರ್ಗಮ್ಮ ಮೂಸಿ ನೋಡಿದರು.

"ಎಂತದಿದು ಸರ್ರೆ? ಮೀನಿನ ಹಾಂಗೇ ಉಂಟು. ನನ್ನ ವ್ರತ ಕೆಡ್ಸೂಕೆ ಬಂದ್ರಾ?"

"ಇದು ಪ್ರಾಣಿಯಲ್ಲ ಅಮ್ಮ, ಗಿಡವೂ ಅಲ್ಲ. ಫಂಗಸ್. ಬೂಷ್ಟಿನ ಜಾತಿ."

"ಅಯ್ಯೋ, ಬೂಷ್ಟು ತಿನ್ಸೂಕೆ ಹೊರಟ್ರಾ! ನೀವ್ ತಿಂತ್ರಾ?"

"ತಿಂತೇನೆ" ಎಂದುಬಿಟ್ಟೆ. ಕುಮಟಾ ಕಡೆಯ ನಮ್ಮ ಮನೆಯಲ್ಲಿ ಅಣಬೆ ಹೊಸ್ತಿಲು ದಾಟಿದ್ದಿಲ್ಲ. ಮಡಿ, ದೇವರು ಎಲ್ಲವನ್ನೂ ಯೂನಿವರ್ಸಿಟಿಯಲ್ಲೇ ಬಿಟ್ಟು ಬಂದೆನೆಂದು ಹೇಳಿಕೊಂಡು ತಿರುಗುತ್ತಿದ್ದವ ನಾನು.

"ಹಾಂಗಾರೆ ನೀವೊಂದ್ ತುತ್ತು, ನಾನೊಂದ್ ತುತ್ತು."

ಬಾಯಿಗಿಟ್ಟೆ. ಅದರ ಮೆತ್ತನೆಯ ನಾರು ಹಲ್ಲಿಗೆ ಸಿಕ್ಕಿತು. ನುಂಗಲು ಆಗಲೇ ಇಲ್ಲ. ಅವರು ನಕ್ಕರೋ ಇಲ್ಲವೋ ನೆನಪಿಲ್ಲ. ಮಗುವಿಗೆ ಹಿಡಿದ ಹಾಗೆ ಡಬ್ಬಿಯ ಮುಚ್ಚಳವನ್ನು ನನ್ನ ಗಲ್ಲದ ಕೆಳಗೆ ಹಿಡಿದದ್ದು ನೆನಪಿದೆ. ಉಗುಳಿದೆ.

"ಆತು, ಆತು" ಎಂದು ಮುಚ್ಚಳವನ್ನು ಸೆರಗಿನ ಮರೆಗೆ ಸರಿಸಿದರು.

ಲಲಿತಾ ಬಂದವರು, "ಸರ್ರು ತಿಂದ್ರಾ?" ಎಂದರು.

"ತಿಂದ್ರು. ಅವ್ರಿಗೆ ಖಾರ ಹೆಚ್ಚಾತು" ಎಂದ ದುರ್ಗಮ್ಮ, ಕಣ್ಣು ಮುಚ್ಚಿ ತಮ್ಮ ಪಾಲಿನ ತುತ್ತು ನುಂಗಿದರು. ನಾನು ನೆಲ ನೋಡುತ್ತ ನಿಂತಿದ್ದೆ.

ಗಾಯ ಕೂಡಿತು. ಅಣಬೆಯಿಂದಲೇ ಎನ್ನಲಾರೆ, ಅಷ್ಟರಲ್ಲಿ ಬೇಳೆಯೂ ಇಳಿಯತೊಡಗಿತ್ತು. ಮನೆಗೆ ಹೊರಟ ದಿನ ಅವರು ಸೊಸೆಗೆ ಕೇಳದಂತೆ, "ಸರ್ರೆ, ಬೂಷ್ಟು ತಿನ್ನೂಕೆ ಕಲೀರಿ" ಎಂದರು.

ಇನ್ನೂ ಕಲಿತಿಲ್ಲ. ಆದರೆ ಅಂದಿನಿಂದ ಯಾರಿಗೂ, ನಿಮಗೆ ಯಾವುದು ಇಳಿಯುವುದಿಲ್ಲ ಎಂದು ಕೇಳದೆ, ಏನು ತಿನ್ನಬೇಕೆಂದು ಹೇಳಿಲ್ಲ. ಕೇಳುವಾಗ ರೋಗಿಯ ಮುಖ ನೋಡಲು ಈಗಲೂ ನಾಚಿಕೆಯಾಗುತ್ತದೆ.